ಒಂದೂವರೆ ಕಿಲೋ ಹಗ್ಗ

ತ್ರೆಂತಾ, ಸ್ಲೊವೇನಿಯಾ
10 ಆಗಸ್ಟ್ 2008

ಓಜ್ಬೆ,

ಏಳು ವರ್ಷದಿಂದ ನಿನಗೆ ಒಂದಕ್ಷರ ಬರೆದವಳಲ್ಲ. ಈಗಲೂ ನಿನ್ನ ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ಫೋನಿನಲ್ಲಿ ಬೈಯಲು ಹೋದರೆ ಸಮಯಕ್ಕೆ ಸರಿಯಾಗಿ ನನಗೆ ಮಾತು ಹೊಳೆಯುವುದಿಲ್ಲ, ಆಮೇಲೆ ಪಾತ್ರೆ ತೊಳೆಯುವಾಗ ಹೊಳೆಯುತ್ತದೆ. ಅದಕ್ಕೇ ಕಾಗದ.

ನಿನ್ನ ಪಾರ್ಸೆಲ್ ಬಂತು. ಬ್ರೀನಾ ನನ್ನ ಬೆನ್ನ ಹಿಂದೆ ನಿನಗೆ ಬರೆದಿದ್ದಾಳೆಂದು ಅದು ಬಂದ ಮೇಲೆ ತಿಳಿಯಿತು. ನನ್ನ ಮಗಳಿಗೆ ಹತ್ತೊಂಬತ್ತು ತುಂಬಿದೆ. ಬೇಟೆಯ ಪರೀಕ್ಷೆ ಪಾಸು ಮಾಡಿದ್ದಾಳೆ. ಅಕ್ಟೋಬರಿನಲ್ಲಿ ಒಂದು ಗಾಮ್ಸ್ ಕಾಡುಮೇಕೆ ಹೊಡೆಯಲು ಊರಿನ ಬೇಟೆ ಕೂಟ ಅವಳಿಗೆ ಅನುಮತಿ ಕೊಟ್ಟಿದೆ. ಮೊದಲ ಸಲ ಒಬ್ಬಳೇ ಬೆಟ್ಟ ಹತ್ತುತ್ತಾಳೆ. ಅಜ್ಜ ಹೋಗುತ್ತಿದ್ದ ದಾರಿಯಲ್ಲೇ ಹೋಗುತ್ತಾಳಂತೆ.

ಪೆಟ್ಟಿಗೆಯನ್ನು ಅಡುಗೆಮನೆ ಮೇಜಿನ ಮೇಲೆ ಸುರಿದಳು. ಬೆನ್ನಿಗೆ ಹಾಕುವ ಚೀಲ, ನನ್ನ ಒಂದು ಮುಷ್ಟಿಯಲ್ಲಿ ಅಡಗುವಂಥದ್ದು. ಡೇರೆಯ ಬದಲು ಒಂದು ತೆಳ್ಳನೆಯ ಬಟ್ಟೆ, ಅದರ ಮೂಲಕ ನನಗೆ ಕಿಟಕಿ ಕಾಣಿಸುತ್ತದೆ. ಬಿಯರ್ ಡಬ್ಬ ಕತ್ತರಿಸಿ ಮಾಡಿದ ಒಲೆ. ಒಂದು ಸುರುಳಿ ಬಿಳಿ ದಾರ. ಹಿಡಿ ಕತ್ತರಿಸಿದ ಹಲ್ಲುಜ್ಜುವ ಬ್ರಶ್! ಆ ಹಿಡಿಯಲ್ಲಿ ಉಳಿಸಿದ ನಾಲ್ಕು ಗ್ರಾಮನ್ನು ಏನು ಮಾಡುತ್ತೀ, ಉಪ್ಪಿನಕಾಯಿ ಹಾಕುತ್ತೀಯಾ? ಬ್ರೀನಾ ನನ್ನ ಹಿಟ್ಟು ತೂಗುವ ತಕ್ಕಡಿ ತಂದು ಒಂದೊಂದನ್ನೂ ತೂಗಿದಳು. "ಅಮ್ಮಾ, ಚೀಲ ಆರುನೂರಾ ತೊಂಬತ್ತು ಗ್ರಾಂ! ಅಜ್ಜನ ಮರದ ಚೌಕಟ್ಟಿನ ಚೀಲ ನಾಲ್ಕು ಕಿಲೋ ಇನ್ನೂರು ಇತ್ತಲ್ಲ!" ಎಂದು ಕುಣಿದಳು. ಅಪ್ಪನೂ ಹೀಗೇ ಅದೇ ತಕ್ಕಡಿಯ ಮುಂದೆ ಕೂರುತ್ತಿದ್ದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಚೀಲದ ಒಳಗೆ ನೀನು ಒಂದು ರಟ್ಟಿನ ಚೀಟಿ ಹೊಲಿದಿದ್ದೆ. "ನನ್ನಪ್ಪ ನಾಲ್ಕು ಕಿಲೋ ಹೆಚ್ಚಿನ ಭಾರಕ್ಕೆ ಬೆಟ್ಟದಲ್ಲಿ ಸತ್ತ. ನೀವು ಸಾಯಬೇಡಿ." ಎಷ್ಟು ಜನಕ್ಕೆ ಇದನ್ನು ಮಾರಿದ್ದೀಯ? ಅಪ್ಪನ ಹೆಣವನ್ನು ಅಂಗಡಿಯ ಬಾಗಿಲಿಗೆ ತೋರಣ ಕಟ್ಟಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ? ಬ್ರೀನಾ ಓದುವ ಮೊದಲೇ ಕತ್ತರಿಯಿಂದ ಅದನ್ನು ಕಿತ್ತು ಒಲೆಗೆ ಹಾಕಿದೆ.

ಇನ್ನೇನೂ ಕಳಿಸಬೇಡ. ಆ ಬಿಳಿ ದಾರವನ್ನಂತೂ ಈ ಮನೆಗೆ ಇನ್ನೊಮ್ಮೆ ಕಳಿಸಬೇಡ.

ಜೋಫ್ಕಾ


ಹೋಕಿಟಿಕಾ, ನ್ಯೂಜಿಲೆಂಡ್
29 ಆಗಸ್ಟ್ 2008

ಜೋಫ್ಕಾ,

ನಿನ್ನ ಅಕ್ಷರ ನೋಡಿ ಕ್ಷಣಹೊತ್ತು ಖುಷಿಯಾಯಿತು. ಆಮೇಲೆ ಓದಿದೆ.

ನಾಚಿಕೆಯ ಮಾತು ನೀನು ಎತ್ತಿದ್ದು ಒಳ್ಳೆಯದಾಯಿತು. 2001ರ ಅಕ್ಟೋಬರಿನಲ್ಲಿ ನಾನು ಫೋನಿನಲ್ಲಿ ಎರಡು ಸಲ ಕೇಳಿದೆ, ಅಪ್ಪ ಯಾವ ಚೀಲ ಹಾಕಿಕೊಂಡು ಹೋಗಿದ್ದ ಎಂದು. ನೀನು ಏನು ಹೇಳಿದೆ ನೆನಪಿದೆಯೇ? ನನಗೆ ಒಂದೊಂದು ಪದವೂ ನೆನಪಿದೆ. "ಹಳೇ ಚೌಕಟ್ಟೇ ಹಾಕ್ಕೊಂಡು ಹೋಗಿದ್ದ ಕಣೋ. ನಿನ್ ಚೀಲ ಮೊಳೆಗೇ ನೇತಾಡ್ತಿದೆ." ನಾಲ್ಕು ತಿಂಗಳು ಕೂತು ಹೊಲಿದ ಚೀಲ ಅದು, ನಾನು ಮಾಡಿದ ಮೊದಲನೆಯದು. ಆಗ ನನಗೆ ಹೊಲಿಗೆ ಯಂತ್ರ ಓಡಿಸಲೂ ಸರಿಯಾಗಿ ಬರುತ್ತಿರಲಿಲ್ಲ, ಬೆರಳಿಗೆ ಎರಡು ಸಲ ಸೂಜಿ ಇಳಿಸಿಕೊಂಡಿದ್ದೆ. ಅದು ಮೊಳೆಯ ಮೇಲೆ, ಅಪ್ಪ ಕಪ್ಪು ಬಂಡೆಯ ಕೆಳಗೆ.

ಎಪ್ಪತ್ತರ ಹತ್ತಿರದ ಮುದುಕ. ಬೆನ್ನಿಗೆ ನಾಲ್ಕು ಕಿಲೋ ಮರ ಮತ್ತು ಚರ್ಮ, ಅದರ ಮೇಲೆ ಇಪ್ಪತ್ತೈದು ಕಿಲೋ ಗಾಮ್ಸ್. ಇಲ್ಲಿಯವರು ಗುಂಡು ಬಿದ್ದಲ್ಲೇ ಮಾಂಸ ಬಿಡಿಸಿ, ಎಲುಬನ್ನು ಹದ್ದಿಗೆ ಬಿಟ್ಟು ಬರುತ್ತಾರೆ. ನಿಮ್ಮಲ್ಲಿ ಕೊಂಬು ಗೊರಸು ಸಮೇತ ಇಡೀ ಮೇಕೆಯನ್ನು ಹೊತ್ತು ತಂದು ಕೂಟದ ಮುಂದೆ ಇಡಬೇಕು, ಇಲ್ಲದಿದ್ದರೆ ಮಾನ ಹೋಗುತ್ತದೆ. ಪ್ರಾಣ ಹೋದರೆ ಅಡ್ಡಿಯಿಲ್ಲ. ಹಾಗಿರುವಾಗ ಕಡಿಮೆ ಮಾಡಬಹುದಾದದ್ದು ಚೀಲದ ತೂಕ ಒಂದೇ. ಬ್ರಶ್ಶಿನ ಹಿಡಿ ನೋಡಿ ನಗು. ನಾಲ್ಕು ಗ್ರಾಂ ಅಲ್ಲಿ, ಹತ್ತು ಗ್ರಾಂ ಇಲ್ಲಿ, ಚಮಚ, ಗೂಟ, ಬಕಲ್, ಹೀಗೆ ಕೂಡಿಸಿ ಕೂಡಿಸಿಯೇ ಮೂರೂವರೆ ಕಿಲೋ ಇಳಿಯುತ್ತದೆ. ಆ ಮೂರೂವರೆ ಕಿಲೋದಲ್ಲಿ ಅಪ್ಪನ ಜೀವವಿತ್ತು.

ನೀನು ಒಂದು ಮಾತು, "ಅಪ್ಪಾ, ಓಜ್ಬೆ ಕಳ್ಸಿದ್ದನ್ನ ಹಾಕ್ಕೋ" ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ನನ್ನ ಕೈಯಿಂದ ಬಂದ ಯಾವುದೂ ನಿನ್ನ ಕಣ್ಣಿಗೆ ಎಂದೂ ಹಿಡಿಸಿಲ್ಲ. ಮೇಲಾಗಿ ನಾನು ವಿಮಾನ ಹತ್ತುವ ಮೊದಲೇ ನೀನು ಅವನನ್ನು ಮಣ್ಣು ಮಾಡಿ ಮುಗಿಸಿದೆ. ಎರಡು ದಿನ ಕಾಯಲು ನಿನಗೇನು ಅವಸರವಿತ್ತು?

ಚೀಟಿ ಬದಲಾಗುವುದಿಲ್ಲ. ಅದರಲ್ಲಿರುವುದು ನಿಜ.

ಓಜ್ಬೆ


ತ್ರೆಂತಾ
13 ಸೆಪ್ಟೆಂಬರ್ 2008

ಓಜ್ಬೆ,

ಹಳೆಯ ಕಥೆ ಬಿಡು. ಈಗ ನೀನು ಒಂದು ಕೆಲಸ ಮಾಡಬೇಕು, ಮತ್ತು ಬೇಗ ಮಾಡಬೇಕು.

ಬ್ರೀನಾ ದಿನಾ ನಿನ್ನ ಚೀಲಕ್ಕೆ ಆಲೂಗಡ್ಡೆ ತುಂಬಿಕೊಂಡು ಕುರಿಮನೆಯವರೆಗೆ ಹತ್ತಿ ಇಳಿಯುತ್ತಾಳೆ. ಅವಳ ಹೆಗಲು ಚೆನ್ನಾಗಿದೆ, ಉಸಿರು ಚೆನ್ನಾಗಿದೆ, ತಲೆ ಮಾತ್ರ ನಿನ್ನದು. ನಿನ್ನೆ ಅವಳ ಸಾಮಾನಿನ ಪಟ್ಟಿ ನೋಡಿದೆ. ಬೈನಾಕ್ಯುಲರ್ ಇದೆ, ಮಂಜುಗಡ್ಡೆಯ ಮೇಲೆ ನಡೆಯಲು ಕಾಲಿಗೆ ಕಟ್ಟುವ ಕಬ್ಬಿಣದ ಹಲ್ಲುಗಳಿವೆ, ಕೊಬ್ಬು ರೊಟ್ಟಿ ಇದೆ. ಹಗ್ಗ ಇಲ್ಲ.

"ಹಗ್ಗ ಎಲ್ಲೇ?" ಅಂದೆ.

"ಮಾವ ಕಳಿಸಿರೋ ದಾರ ಇದೆಯಲ್ಲಮ್ಮ. ಹದಿನೈದು ಮೀಟರು, ಮೂವತ್ತು ಗ್ರಾಮೂ ಇಲ್ಲ. ಇನ್ನೂರು ಕಿಲೋ ತಡಿಯುತ್ತಂತೆ. ಅಜ್ಜನ ಹಗ್ಗ ಒಂದೂವರೆ ಕಿಲೋ! ಅದನ್ಯಾಕೆ ಹೊರಲಿ?"

"ಅದು ಆಳನ್ನ ತಡಿಯಲ್ಲ."

"ನಿಂಗೇನ್ ಗೊತ್ತು? ನೀನೇನು ಬೇಟೆಗಾರ್ತಿನಾ? ಒಲೆ ಬಿಟ್ರೆ ಕುರಿ, ಕುರಿ ಬಿಟ್ರೆ ಒಲೆ."

ಕೆನ್ನೆಗೆ ಬಾರಿಸಿದೆ. ಹತ್ತೊಂಬತ್ತು ವರ್ಷದವಳಿಗೆ ಹೊಡೆಯಬಾರದಿತ್ತು. ದಾರವನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟೆ, ಹುಡುಕಿ ತೆಗೆದಳು. ಈಗ ಒಂದೇ ಮನೆಯಲ್ಲಿದ್ದು ನನ್ನೊಡನೆ ಮಾತಾಡುತ್ತಿಲ್ಲ.

ನನ್ನ ಮಾತು ಅವಳಿಗೆ ಗಾಳಿ. ನಿನ್ನ ಮಾತು ವೇದ. ನೀನೇ ಬರೆ: ಅದು ಮನುಷ್ಯರ ಭಾರಕ್ಕಲ್ಲ, ಹಗ್ಗ ತೆಗೆದುಕೊಂಡು ಹೋಗು ಎಂದು ಬರೆ. ಅಕ್ಟೋಬರ್ ಹನ್ನೊಂದು, ಶನಿವಾರ ಅವಳು ಹೊರಡುವುದು. ಅದಕ್ಕೂ ಮೊದಲು ಕಾಗದ ಇಲ್ಲಿರಬೇಕು.

ನಾನು ನಿನ್ನನ್ನು ಏನೂ ಕೇಳಿದವಳಲ್ಲ. ಇದೊಂದನ್ನು ಕೇಳುತ್ತಿದ್ದೇನೆ. ನಿನ್ನ ಚೀಟಿಯಲ್ಲಿ ಸಾಯಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದ್ದೀಯಲ್ಲ, ನಿನ್ನ ಸೊಸೆಗೂ ಹೇಳು.

ಜೋಫ್ಕಾ


ಹೋಕಿಟಿಕಾ
27 ಸೆಪ್ಟೆಂಬರ್ 2008

ಜೋಫ್ಕಾ,

ಇದನ್ನು ಬ್ರೀನಾಗೆ ಗಟ್ಟಿಯಾಗಿ ಓದಿಹೇಳು.

ಬ್ರೀನಾ, ಆ ದಾರ ಮಾಂಸ ಕಟ್ಟಲು, ಬೇಟೆಯನ್ನು ಬಂಡೆಯಿಂದ ಕೆಳಗಿಳಿಸಲು ಮಾತ್ರ. ಅದರ ಮೇಲೆ ನೀನು ಇಳಿಯಬಾರದು. ಅದು ಹರಿಯುವುದಿಲ್ಲ, ಇನ್ನೂರು ಕಿಲೋ ತಡೆಯುತ್ತದೆ ಎಂಬುದು ಸುಳ್ಳಲ್ಲ. ಆದರೆ ಅದು ಸೋಪಿನಷ್ಟು ನುಣುಪು. ನಾವೆಲ್ಲ ಅಜ್ಜನಿಂದ ಕಲಿತ ಗಂಟು ಅದರಲ್ಲಿ ಕೂರುವುದಿಲ್ಲ. ಸಣ್ಣ ಭಾರಕ್ಕೆ ಕೂತಂತೆ ಕಾಣುತ್ತದೆ, ಆಳು ನೇತುಬಿದ್ದರೆ ಜಾರುತ್ತದೆ. ಮನುಷ್ಯರಿಗೆ ಹಗ್ಗ ಬೇಕು. ಅಜ್ಜನ ಹಗ್ಗ ತೆಗೆದುಕೊಂಡು ಹೋಗು. ಒಂದೂವರೆ ಕಿಲೋ ನಾನು ಕಡಿಮೆ ಮಾಡಲಾರದ ತೂಕ.

ಇನ್ನು ನಿನಗೆ, ಜೋಫ್ಕಾ. ಇದನ್ನು ನೀನು ನನಗೆ ಹೇಳಿಕೊಡಬೇಕಾಗಿರಲಿಲ್ಲ. ಇದೇ ಮಾತು ಆ ಚೀಟಿಯ ಹಿಂಬದಿಯಲ್ಲಿತ್ತು. ನೀನು ಓದದೆ ಒಲೆಗೆ ಹಾಕಿದ ಚೀಟಿಯ ಹಿಂಬದಿಯಲ್ಲಿ! ಸಿಟ್ಟು ಬಂದರೆ ಮೊದಲು ಸುಡುವುದು, ಆಮೇಲೆ ಓದುವುದು, ಇದು ನಿನ್ನ ಹುಟ್ಟುಗುಣ.

ಅಪ್ಪನಿಗೆ ಚೀಲವನ್ನೂ ಇದೇ ದಾರವನ್ನೂ ಕಳಿಸಿದಾಗಲೂ ನಾಲ್ಕು ಪುಟದ ಕಾಗದ ಇಟ್ಟಿದ್ದೆ. ನಾಲ್ಕನೆಯ ಪುಟದಲ್ಲಿ ಇದನ್ನೇ ಬರೆದು ಎರಡೆರಡು ಗೆರೆ ಎಳೆದಿದ್ದೆ. ಆ ಕಾಗದ ಮನೆಯಲ್ಲೇ ಎಲ್ಲಾದರೂ ಇರಬೇಕು, ಹುಡುಕಿ ಬ್ರೀನಾಗೆ ತೋರಿಸು.

ಒಂದು ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ. ಇಲ್ಲಿನ ಬೇಟೆಗಾರರಿಗೇ ಈ ದಾರದ ಗುಣ ನಾನು ಹೇಳಿಕೊಡಬೇಕಾಗುತ್ತದೆ. ನೀನು ಚೀಟಿ ಓದಿಲ್ಲ. ಬೇಟೆಗೆ ಹೋದವಳಲ್ಲ. ಅದು ಆಳನ್ನು ತಡೆಯುವುದಿಲ್ಲವೆಂದು ನಿನಗೆ ಯಾರು ಹೇಳಿದರು?

ಓಜ್ಬೆ


ತ್ರೆಂತಾ
9 ಅಕ್ಟೋಬರ್ 2008, ಗುರುವಾರ ಮಧ್ಯಾಹ್ನ

ಓಜ್ಬೆ,

ನಿನ್ನ ಕಾಗದ ಇವತ್ತು ಬಂತು. ಊಟದ ಮೇಜಿನಲ್ಲಿ, ಮೆಕ್ಕೆಜೋಳದ ಪೊಲೆಂಟಾ ತಣ್ಣಗಾಗುತ್ತಿರುವಾಗ, ಗಟ್ಟಿಯಾಗಿ ಓದಿದೆ. ನೀನು ಅವಳಿಗೆ ಬರೆದದ್ದು ಮುಗಿದ ಕಡೆ ನಿಲ್ಲಿಸಬೇಕಿತ್ತು. ಓದುವ ಭರದಲ್ಲಿ ನಿಲ್ಲಲಿಲ್ಲ. ನಾಲ್ಕು ಪುಟದ ಕಾಗದ ಎಂಬಲ್ಲಿ ನಾಲಿಗೆ ತಡವರಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಯಿತು ನನ್ನ ಕಥೆ. ಬ್ರೀನಾ ಕಾಗದವನ್ನು ಕಿತ್ತುಕೊಂಡು ಕೊನೆಯ ಸಾಲು ತಾನೇ ಓದಿದಳು.

"ಹೇಳಮ್ಮ. ಯಾರ್ ಹೇಳಿದ್ರು?"

ಅವಳಿಗೆ ಹೇಳಿದೆ. ಈಗ ನಿನಗೆ ಹೇಳುತ್ತೇನೆ.

ಅಪ್ಪನಿಗೆ ಕನ್ನಡಕ ಹಾಕಿದರೂ ಹತ್ತಿರದ್ದು ಕಾಣಿಸುತ್ತಿರಲಿಲ್ಲ. ಎದುರು ಬೆಟ್ಟದ ಗಾಮ್ಸ್ ಗಂಡೋ ಹೆಣ್ಣೋ ಹೇಳುತ್ತಿದ್ದ, ಕಾಗದ ಮಾತ್ರ ನಾನೇ ಓದಬೇಕಿತ್ತು. ನಿನ್ನ ಪಾರ್ಸೆಲ್ ಬಂದ ದಿನ ಅವನು ಚೀಲವನ್ನು ತಕ್ಕಡಿಗೆ ಹಾಕುತ್ತಿದ್ದ, ನಾನು ಒಲೆಯ ಹತ್ತಿರ ನಿಂತು ನಿನ್ನ ಕಾಗದ ಬಿಡಿಸಿದೆ. ಮೊದಲ ಪುಟ. ನೀನು ಬರೆದದ್ದು ನಿನಗೆ ನೆನಪಿಲ್ಲದಿರಬಹುದು, ನನಗೆ ಬಾಯಿಪಾಠವಾಗಿದೆ. "ಅಪ್ಪಾ, ಚೀಲದ ಭಾರ ನಾನು ಇಳಿಸಿದ್ದೇನೆ, ಮನೆಯ ಭಾರ ನೀನು ಇಳಿಸಬೇಕು. ಗಂಡನನ್ನು ಬಿಟ್ಟು ಬಂದ ಜೋಫ್ಕಾಳನ್ನೂ ಅವಳ ಮಗುವನ್ನೂ ಈ ವಯಸ್ಸಿನಲ್ಲಿ ಎಷ್ಟು ದಿನ ಹೊರುತ್ತೀ? ಹೋಗಲು ಹೇಳು."

ಅಪ್ಪನ ಪಾದ ತಿಕ್ಕಿ, ಅವನ ಬಟ್ಟೆ ಒಗೆದು, ಅವನ ಕುರಿ ಕಾಯುತ್ತಿದ್ದವಳು ನಾನು. ಭಾರ ನಾನು! ನಿನ್ನ ನಾಲ್ಕು ಪುಟವನ್ನೂ ಮುದುರಿ ಒಲೆಗೆ ಹಾಕಿದೆ. ಉಳಿದ ಮೂರನ್ನು ನೋಡಲೂ ಇಲ್ಲ.

"ಏನ್ ಬರ್ದಿದಾನೆ?" ಅಂದ ಅಪ್ಪ.

"ಏನಿಲ್ಲ. ಆರೋಗ್ಯವಾ ಅಂತ ಕೇಳಿದಾನೆ."

ಅವನು ಹಳೆಯ ಚೌಕಟ್ಟು ಹಾಕಿಕೊಂಡು ಹೋಗಲಿಲ್ಲ, ಓಜ್ಬೆ. ನಿನ್ನ ಚೀಲವನ್ನೇ ಹಾಕಿಕೊಂಡು ಹೋದ. ಸಂತೆಗೆ ಹೊಸ ಅಂಗಿ ಹಾಕಿಕೊಂಡ ಹುಡುಗನ ಹಾಗೆ ಹೋದ. ಬಾಗಿಲಲ್ಲಿ ನಿಂತು ಹಗ್ಗವನ್ನು ಕೈಯಲ್ಲಿ ತೂಗಿ ನೋಡಿ ಮೊಳೆಗೆ ಮತ್ತೆ ಹಾಕಿ, "ಓಜ್ಬೆ ದಾರ ಇದೆಯಲ್ಲ, ಇದ್ಯಾಕೆ?" ಅಂದ. ನಾನು ತಡೆಯಲಿಲ್ಲ. ನನಗೆ ಗೊತ್ತಿದ್ದಿದ್ದರೆ!

ಮೂರನೆಯ ದಿನ ಕೂಟದ ಹಿರಿಯ ಯೋಜಾ ಹೋಗಿ ಹುಡುಕಿದ. ಕಪ್ಪು ಬಂಡೆಯ ಬುಡದಲ್ಲಿ ಗಾಮ್ಸ್ ಮಲಗಿಸಿದ ಹಾಗೆ ಮಲಗಿತ್ತಂತೆ, ಬಾಯಲ್ಲಿ, ಬೇಟೆಗೆ ಗೌರವವೆಂದು ಅಪ್ಪ ಇಟ್ಟ ಕೊನೆಯ ತುತ್ತಿನ ಪೈನ್ ಚಿಗುರು ಹಾಗೇ ಇತ್ತಂತೆ. ಅದರ ಉಳಿದರ್ಧ ಅಪ್ಪನ ಟೋಪಿಯಲ್ಲಿತ್ತು. ದಾರ ಮೇಕೆಯನ್ನು ಸುಖವಾಗಿ ಇಳಿಸಿತ್ತು. ಅಪ್ಪನನ್ನು ಇಳಿಸಲಿಲ್ಲ. "ದಾರ ಹರಿದಿಲ್ಲ ಕಣಮ್ಮ, ಗಂಟು ಜಾರಿದೆ. ಇದನ್ನ ಯಾರಿಗೂ ಹೇಳ್ಬೇಡ. ನಲವತ್ತು ವರ್ಷ ಬೆಟ್ಟ ಹತ್ತಿದೋನು ಮಾಂಸದ ದಾರಕ್ಕೆ ನೇತಾಡಿ ಸತ್ತ ಅಂದ್ರೆ ಮೂರೂರು ನಗುತ್ತೆ. ಕಾಲು ಜಾರಿತು, ಅಷ್ಟೇ" ಅಂದ ಯೋಜಾ. ಈಗ ಅವನೂ ಮಣ್ಣಿನಲ್ಲಿದ್ದಾನೆ.

ನಾನು ಬಾಯಿ ಮುಚ್ಚಿಕೊಂಡದ್ದು ಯೋಜಾ ಹೇಳಿದ್ದಕ್ಕಲ್ಲ. ಚೀಲದ ವಿಷಯ ಹೇಳಿದರೆ ದಾರದ್ದು ಬರುತ್ತದೆ, ದಾರದ್ದು ಬಂದರೆ ಕಾಗದದ್ದು ಬರುತ್ತದೆ, ಆಮೇಲೆ ಒಲೆಯದ್ದು. ಆ ನಾಲ್ಕನೆಯ ಪುಟದಲ್ಲಿ ಏನಿತ್ತೆಂದು ಇವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಇರಬಹುದೇನೋ ಎಂಬ ಭಯ ಮಾತ್ರ ಇತ್ತು. ನೀನು ಬರುವ ಮೊದಲು ಅಪ್ಪನನ್ನು ಮಣ್ಣು ಮಾಡಿದ್ದು ಅದಕ್ಕೇ. ಬಂದಿದ್ದರೆ ನೀನು ಚೀಲ ಕೇಳುತ್ತಿದ್ದೆ.

ನಿನ್ನ ಮೇಲಿನ ಸಿಟ್ಟು ಇನ್ನೂ ಇದೆ. ಆ ಮೊದಲ ಪುಟಕ್ಕೆ. ಏಳು ವರ್ಷ ಅದನ್ನೇ ಅಪ್ಪಿಕೊಂಡು ಬದುಕಿದೆ, ಬಿಟ್ಟರೆ ಕೈಯಲ್ಲಿ ಬರೀ ಬೂದಿ ಉಳಿಯುತ್ತಿತ್ತು.

ಬ್ರೀನಾ ಎಲ್ಲವನ್ನೂ ಕೇಳಿ ಎದ್ದು ನಿಂತಳು. "ನೀವಿಬ್ರೂ ನಿಮ್ ಜಗಳದಲ್ಲಿ ಅಜ್ಜನ್ನ ಕೊಂದ್ರಿ. ಒಬ್ರು ಬರ್ದು, ಒಬ್ರು ಸುಟ್ಟು" ಎಂದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಂದದ್ದರಲ್ಲಿ ತಪ್ಪು ಹುಡುಕುತ್ತಾ ಕೂತಿದ್ದೇನೆ, ಸಿಗುತ್ತಿಲ್ಲ.

ಜೋಫ್ಕಾ

ಶುಕ್ರವಾರ ಬೆಳಿಗ್ಗೆ. ಬ್ರೀನಾ ಕೋಣೆಯಲ್ಲಿಲ್ಲ. ಒಂದು ದಿನ ಮೊದಲೇ ಹೊರಟುಹೋಗಿದ್ದಾಳೆ. ಚೀಲ ಇಲ್ಲ, ಬಂದೂಕು ಇಲ್ಲ. ಹಗ್ಗ ಮೊಳೆಯಲ್ಲೇ ಇದೆ. ನಾನು ಅದನ್ನು ತೆಗೆದುಕೊಂಡು ಹೋಗುತ್ತಿದ್ದೇನೆ. ಇದನ್ನು ದಾರಿಯ ಅಂಚೆಪೆಟ್ಟಿಗೆಗೆ ಹಾಕುತ್ತೇನೆ.


ಹೋಕಿಟಿಕಾ
23 ಅಕ್ಟೋಬರ್ 2008

ಜೋಫ್ಕಾ,

ನಿನ್ನ ಕಾಗದದ ಕೊನೆಯ ನಾಲ್ಕು ಸಾಲು ಓದಿ ಫೋನಿಗೆ ಓಡಿದೆ. ಅಲ್ಲಿ ಎಷ್ಟು ಗಂಟೆಯೋ ನೋಡಲಿಲ್ಲ. ಬ್ರೀನಾ ಎತ್ತಿ "ಯಾರು?" ಅಂದಳು. ಬದುಕಿದ್ದಾಳೆ ಎಂದು ಗೊತ್ತಾಯಿತು. ಫೋನ್ ಇಟ್ಟುಬಿಟ್ಟೆ. ಆಮೇಲೆ ಹೊಲಿಗೆ ಷೆಡ್ಡಿನಲ್ಲಿ ಕೂತು ಅತ್ತೆ. ಅದು ಮುಗಿದ ಮೇಲೆ ನಿನ್ನ ಮೇಲೆ ಸಿಟ್ಟು ಬಂತು, ಎಂಥ ಸಿಟ್ಟು ಎಂದರೆ ನೀನು ಎದುರಿಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಏಳು ವರ್ಷ! ಏಳು ವರ್ಷ ನಾನು ಒಂದು ಸುಳ್ಳಿನ ಮೇಲೆ ಹೊಲಿಗೆ ಹಾಕಿದ್ದೇನೆ. ಅಪ್ಪ ನನ್ನ ಚೀಲ ಹಾಕಿಕೊಳ್ಳದೆ ಸತ್ತ ಎಂದು ಒಂದೊಂದು ಗ್ರಾಂ ಕೆರೆದಿದ್ದೇನೆ. ಗೊತ್ತಿದ್ದರೆ ಮೊದಲ ದಿನವೇ ಆ ದಾರವನ್ನು ಕೈಬಿಡುತ್ತಿದ್ದೆ. ನಾನೂರಕ್ಕೂ ಹೆಚ್ಚು ಜನರ ಬೆನ್ನ ಮೇಲೆ ಆ ದಾರ ಈ ಹೊತ್ತು ಬೆಟ್ಟದಲ್ಲಿದೆ. ಅವರಲ್ಲಿ ಎಷ್ಟು ಜನ ಚೀಟಿಯ ಹಿಂಬದಿ ಓದಿದ್ದಾರೆ? ನಿನ್ನ ಹಾಗೆ ಎಷ್ಟು ಜನ ಕಿತ್ತೆಸೆದಿದ್ದಾರೆ? ನೀನು ಒಂದು ಮಾತು ಹೇಳಿದ್ದರೆ!

ಇಷ್ಟು ಬರೆದು ಎದ್ದು ಹೋದೆ. ಮೂರು ದಿನ ಯಂತ್ರ ಮುಟ್ಟಲಿಲ್ಲ. ಮತ್ತೆ ಬಂದು ಕೂತಿದ್ದೇನೆ.

ಆ ಮೊದಲ ಪುಟ ನಾನು ಬರೆದದ್ದು ಹೌದು. ಮರೆತಿಲ್ಲ. ಮರೆತವನಂತೆ ಇದ್ದೆ. ಪರದೇಶದಲ್ಲಿ ಒಬ್ಬನೇ ಇದ್ದೆ, ನೀನು ಅಪ್ಪನ ಮೇಜಿನಲ್ಲಿ ಉಣ್ಣುತ್ತಿದ್ದೆ, ಹೊಟ್ಟೆಕಿಚ್ಚು. ಅದಕ್ಕೆ ಕಾಳಜಿಯ ಅಂಗಿ ತೊಡಿಸಿ ಕಳಿಸಿದೆ. ಅಪ್ಪನಿಗೆ ಯಾರು ಕಾಗದ ಓದುತ್ತಾರೆಂದು ನನಗೆ ಗೊತ್ತಿತ್ತು, ಜೋಫ್ಕಾ. ನೀನೇ ಓದಲಿ ಎಂದೇ ಬರೆದೆ. ಅದನ್ನು ಮೊದಲ ಪುಟದಲ್ಲಿ ಇಟ್ಟೆ, ಎರಡು ಮೂರರಲ್ಲಿ ನನ್ನ ಜಾಣತನ ಕೊಚ್ಚಿಕೊಂಡೆ, ಅಪ್ಪನ ಜೀವ ಉಳಿಸುವ ಮಾತನ್ನು ನಾಲ್ಕನೆಯದರಲ್ಲಿ ಇಟ್ಟೆ. ಚೀಟಿಯಲ್ಲೂ ಅದನ್ನೇ ಮಾಡಿದ್ದೇನೆ. ಮುಂದೆ ನನ್ನ ದುಃಖದ ಜಂಬ, ಹಿಂದೆ ಎಚ್ಚರಿಕೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹೀಗೆಂದು ನಿನ್ನನ್ನು ಕ್ಷಮಿಸಿದೆ ಅಂದುಕೊಳ್ಳಬೇಡ.

ಬೆಟ್ಟದಲ್ಲಿ ಏನಾಯಿತು? ಬರೆ.

ಓಜ್ಬೆ


ತ್ರೆಂತಾ
6 ನವೆಂಬರ್ 2008

ಓಜ್ಬೆ,

ಬೆಟ್ಟದಿಂದ ಇಳಿದ ದಿನವೇ ಬರೆಯಬಹುದಿತ್ತು. ಕಾದೆ. ಮೊದಲು ನೀನು ಬೈಯಬೇಕಿತ್ತು. ಬೈದಿದ್ದೀಯ, ಒಳ್ಳೆಯದಾಯಿತು. ನೀನೇ ಓದಲಿ ಎಂದೇ ಬರೆದೆ ಎಂಬ ಸಾಲನ್ನು ನಾಲ್ಕು ಸಲ ಓದಿದೆ. ಅದು ನನಗೆ ಆಗಲೇ ಗೊತ್ತಿತ್ತು ಕಣೋ. ನಿನ್ನ ಬಾಯಿಂದ ಬರಬೇಕಿತ್ತು.

ಆ ಶುಕ್ರವಾರ ನಾನು ಒಂಬತ್ತು ಗಂಟೆ ಹತ್ತಿದೆ. ನಲವತ್ತೇಳು ವರ್ಷ, ರಬ್ಬರ್ ಬೂಟು, ಹೆಗಲಿಗೆ ಅಡ್ಡ ಹಾಕಿದ ಹಗ್ಗ. ಆ ಒಂದೂವರೆ ಕಿಲೋ ಎಷ್ಟು ಭಾರವೆಂದು ನನಗೂ ಗೊತ್ತಾಯಿತು, ನಿನ್ನ ಹುಚ್ಚು ಸ್ವಲ್ಪ ಅರ್ಥವಾಯಿತು. ಮಧ್ಯಾಹ್ನ ಒಂದು ಗುಂಡಿನ ಸದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕಪ್ಪು ಬಂಡೆಯನ್ನು ಬಳಸಿ ಹೋಗುವ ಕುರಿದಾರಿಯಲ್ಲಿ ಮೇಲಕ್ಕೆ ಹೋದೆ. ಬ್ರೀನಾ, ಗಾಮ್ಸ್ ಸತ್ತಾಗ ಮಾಡುವಂತೆ ಟೋಪಿ ತೆಗೆದು, ಬಂಡೆಯ ಅಂಚಿನಿಂದ ದೂರದಲ್ಲಿ, ಗಿಡ್ಡ ಪೈನಿಗೆ ಬೆನ್ನು ಕೊಟ್ಟು ಕೂತಿದ್ದಳು. ಎರಡೂ ಕೈ ತೊಡೆಯ ಕೆಳಗೆ.

ನನ್ನನ್ನು ನೋಡಿ ಏಳಲಿಲ್ಲ. "ಮೇಕೆ ಕೆಳಗಿದೆ" ಅಂದಳು. "ದಾರದಲ್ಲೇ ಇಳಿಸಿದೆ. ಚೆನ್ನಾಗಿ ಇಳಿತು. ಅಜ್ಜಂಗೂ ಹಿಂಗೇ ಚೆನ್ನಾಗಿ ಇಳಿದಿರುತ್ತೆ ಅಲ್ವಾ?"

"ನೀನ್ಯಾಕೆ ಇಳೀಲಿಲ್ಲ?"

"ಚೀಲಕ್ಕೆ ಕಲ್ಲು ತುಂಬಿದೆ, ನನ್ನಷ್ಟೇ ಭಾರ ಮಾಡಿ. ಅಜ್ಜನ ಗಂಟು ಹಾಕಿ ಅಂಚಿಂದ ತಳ್ಳಿದೆ. ಸ್ವಲ್ಪ ಹೊತ್ತು ತಡೀತಮ್ಮ. ತಡಿಯುತ್ತೆ ಅಂತಾನೇ ಅನ್ನಿಸ್ತು. ಆಮೇಲೆ ಹಾವಿನ ಥರ ಬಿಚ್ಕೊಂಡು ಹೋಯ್ತು."

"ಹಗ್ಗ ಯಾಕ್ ಬಿಟ್ ಬಂದೆ, ಹಾಳಾದೋಳೇ! ಎಲ್ಲಾ ಕೇಳಿದ್ ಮೇಲೂ!"

"ಬೇಕಂತ ಬಿಟ್ಟಿಲ್ಲ ಕಣಮ್ಮ. ಸಿಟ್ಟಲ್ಲಿ ಮರ್ತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಿಟ್ಟಿನಲ್ಲಿ ಮರೆತವಳಿಗೆ ನಾನೇನು ಬುದ್ಧಿ ಹೇಳಲಿ? ಅಲ್ಲೇ ಕೂತು ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ, ಅವಳು ಬಿಡಿಸಿಕೊಳ್ಳಲಿಲ್ಲ.

ಕುರಿದಾರಿ ಬಳಸಿದರೆ ಕತ್ತಲಾಗುತ್ತಿತ್ತು, ಹಗ್ಗದಲ್ಲಿ ಇಳಿದೆವು. ಮೊದಲು ಅವಳು, ಆಮೇಲೆ ನಾನು, ಜೀವಮಾನದಲ್ಲಿ ಮೊದಲ ಸಲ. ಕೆಳಗೆ ಮೇಕೆಯ ಬಾಯಲ್ಲಿ ಚಿಗುರಿತ್ತು, ಉಳಿದರ್ಧ ಅವಳ ಜೇಬಿನಲ್ಲೇ ಬಾಡುತ್ತಿತ್ತು. ಮೊದಲ ಬೇಟೆಯಾದರೆ ಅದನ್ನು ಬೇಟೆಗಾರನ ಟೋಪಿಗೆ ಇನ್ನೊಬ್ಬರು ಸಿಕ್ಕಿಸಬೇಕು, ಹಿರಿಯ ಬೇಟೆಗಾರರೇ ಸಿಕ್ಕಿಸಬೇಕು, ನಿನಗೆ ಗೊತ್ತಲ್ಲ. ನಾನು ಯಾವ ಕೂಟದವಳೂ ಅಲ್ಲ. ಆದರೂ ತೆಗೆದುಕೊಂಡು ಅವಳ ಟೋಪಿಗೆ ಸಿಕ್ಕಿಸಿ ಕೈ ಕುಲುಕಿದೆ. ಕೂಟದವರಿಗೆ ಗೊತ್ತಾಗಿ ಗೊಣಗಿದರು. "ಆ ಹೊತ್ತಲ್ಲಿ ಅಲ್ಲಿಗೆ ಹಗ್ಗ ತಂದೋರು ಯಾರು, ನಿಮ್ಮಪ್ಪಾನಾ?" ಎಂದಳು ನನ್ನ ಮಗಳು. ಆಮೇಲೆ ಅಪ್ಪ ಸತ್ತದ್ದು ಹೇಗೆಂದು ಅವರೆಲ್ಲರ ಎದುರು ನಾನೇ ಹೇಳಿದೆ. ಯಾರೂ ನಗಲಿಲ್ಲ, ಓಜ್ಬೆ. ಯೋಜಾ ತಪ್ಪು ತಿಳಿದಿದ್ದ.

ಕಲ್ಲಿನ ಭಾರಕ್ಕೆ ಬಿದ್ದು ಚೀಲದ ತಳ ಒಂದು ಗೇಣು ಹರಿದಿದೆ. ಬೇರೆ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ರಿಪೇರಿ ಮಾಡಿಕೊಡು. ಮುಂದಿನ ವರ್ಷವೂ ಅದನ್ನೇ ಹಾಕಿಕೊಳ್ಳುತ್ತಾಳಂತೆ, ಹೆಗಲಿಗೆ ಚೆನ್ನಾಗಿ ಕೂರುತ್ತದಂತೆ. ಇದು ಅವಳ ಮಾತು, ನನ್ನದಲ್ಲ.

ಜೋಫ್ಕಾ


ಹೋಕಿಟಿಕಾ
1 ಡಿಸೆಂಬರ್ 2008

ಜೋಫ್ಕಾ,

ಹಗ್ಗ ಬಿಟ್ಟು ಹೋಗಬೇಡಿ. ಈ ಸಲ ಅದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಚೀಲ ವಾಪಸು ಕಳಿಸುತ್ತಿದ್ದೇನೆ. ತಳಕ್ಕೆ ದಪ್ಪ ಬಟ್ಟೆಯ ತೇಪೆ ಹಾಕಿದ್ದೇನೆ. ಪಕ್ಕದಲ್ಲಿ ಹಗ್ಗ ಸಿಕ್ಕಿಸಲು ಒಂದು ಪಟ್ಟಿ ಹೊಲಿದಿದ್ದೇನೆ, ಹಗ್ಗ ಇಲ್ಲದಿದ್ದರೆ ಅದು ಜೋಲುಬಿದ್ದು ಕಣ್ಣಿಗೆ ಚುಚ್ಚುವಂತಿದೆ. ಚೀಟಿ ಇಲ್ಲ. ಷೆಡ್ಡಿನಲ್ಲಿ ಉಳಿದಿದ್ದ ಅರವತ್ತೊಂದು ಚೀಲಗಳಿಂದಲೂ ಕಿತ್ತು ಹಾಕಿದೆ. ಮಾರಿದ ಚೀಲಗಳ ಯಜಮಾನರಿಗೆಲ್ಲ ಒಬ್ಬೊಬ್ಬರಿಗೇ ಬರೆಯುತ್ತಿದ್ದೇನೆ, ಅಪ್ಪ ಹೇಗೆ ಸತ್ತ ಎಂದು, ಈ ಸಲ ನಿಜ. ಇನ್ನೂರ ಹನ್ನೆರಡು ಕಾಗದ ಮುಗಿದಿವೆ, ಬೆರಳು ನೋಯುತ್ತಿದೆ.

ಚೀಟಿಯ ಬದಲು ಚೀಲದ ಬಾಯಿಯ ಮೇಲೆ, ಬಿಚ್ಚುವಾಗ ಕಣ್ಣಿಗೆ ಬೀಳಲೇಬೇಕಾದ ಕಡೆ, ಕೆಂಪು ದಪ್ಪ ನೂಲಿನಲ್ಲಿ ಕೈಯಿಂದಲೇ ಹೊಲಿದಿದ್ದೇನೆ: "ದಾರ ಮೇಕೆಗೆ. ಹಗ್ಗ ನಿನಗೆ." ತೇಪೆ, ಪಟ್ಟಿ, ಅಕ್ಷರ ಎಲ್ಲ ಸೇರಿ ಚೀಲ ಈಗ ಏಳುನೂರಾ ಮೂವತ್ತೊಂದು ಗ್ರಾಂ ಆಗಿದೆ. ನಲವತ್ತೊಂದು ಗ್ರಾಂ ಹೆಚ್ಚು. ಅದರಲ್ಲಿ ಒಂದನ್ನೂ ಕಡಿಮೆ ಮಾಡುವುದಿಲ್ಲ.

ಮೇ ತಿಂಗಳಲ್ಲಿ, ಕಣಿವೆಯ ಹಿಮ ಕರಗಿದ ಮೇಲೆ ಬರುತ್ತೇನೆ. ಅಪ್ಪನ ಗೋರಿಗೆ ಮೊದಲು, ನಿನ್ನ ಮೇಜಿಗೆ ಆಮೇಲೆ. ನನ್ನ ಸಿಟ್ಟು ಇಳಿದಿಲ್ಲ, ನಿನ್ನದೂ ಇಳಿದಿರಲಾರದು. ಎದುರುಬದುರು ಕೂತು ಬೈದಾಡೋಣ. ಸಮಯಕ್ಕೆ ಮಾತು ಹೊಳೆಯದಿದ್ದರೆ ನಾನು ಕಾಯುತ್ತೇನೆ, ನೀನು ಪಾತ್ರೆ ತೊಳೆದು ಬಾ.

ಈ ಕಾಗದ ಓದಿ ಸಿಟ್ಟು ಬಂದರೆ ಒಲೆಗೆ ಹಾಕು. ಪರವಾಗಿಲ್ಲ. ಮುಖ್ಯವಾದದ್ದು ಚೀಲದ ಮೇಲಿದೆ.

ಓಜ್ಬೆ